ಮನೆ ಬಾಡಿಗೆಯ ಆರನೆಯ ಒಂದು ಪಾಲು

ವಿಜಯಪುರದ ಹಳೆಯ ಓಣಿಗಳಲ್ಲಿ, ಟಿಕೋಟಾ–ಬಬಲೇಶ್ವರ ಭಾಗದ ಊರುಗಳಲ್ಲಿ ಮಾಳಿಗೆ ಮನೆಯಿದ್ದವರಿಗೆ ಮುಂಗಾರಿಗೆ ಮುಂಚೆ ಒಂದು ಕೆಲಸ ತಪ್ಪಿದ್ದಲ್ಲ. ಮಾಳಿಗೆಯ ಮೇಲೆ ಬೆಳೆದ ಹುಲ್ಲು ಕಿತ್ತು, ಬಿರುಕುಗಳಿಗೆ ಮಣ್ಣು ತುಂಬಿ, ನೀರು ಹಾಕಿ ತುಳಿದು ಗಟ್ಟಿ ಮಾಡಬೇಕು. ಒಂದು ವರ್ಷ ಬಿಟ್ಟರೆ ಮೃಗಶಿರ ಮಳೆಗೆ ಜಂತೆ ನೆನೆಯುತ್ತದೆ. ಎರಡು ವರ್ಷ ಬಿಟ್ಟರೆ ಗೋಡೆ ಉಬ್ಬುತ್ತದೆ. ಸ್ವಂತ ವಾಸದ ಮನೆಯಾದರೆ ಈ ಖರ್ಚಿನ ಬಗ್ಗೆ ಚರ್ಚೆಯಿಲ್ಲ. ಬಾಡಿಗೆಗೆ ಕೊಟ್ಟ ಮನೆಯಾದರೆ ಮಾಲೀಕನಿಗೂ ಬಾಡಿಗೆದಾರನಿಗೂ ಪ್ರತಿ ಬೇಸಿಗೆಯಲ್ಲಿ ಸಣ್ಣದೊಂದು ಜಗ್ಗಾಟ. ಈ ಜಗ್ಗಾಟದಲ್ಲಿ ಸರ್ಕಾರವೂ ಒಬ್ಬ ಪಾಲುದಾರ ಎಂಬುದು ಆದಾಯ ತೆರಿಗೆಯ ಲೆಕ್ಕ ಬರೆಯುವಾಗ ಮಾತ್ರ ನೆನಪಿಗೆ ಬರುತ್ತದೆ. ಬಂದ ಬಾಡಿಗೆಯಲ್ಲಿ ಎಷ್ಟು ಭಾಗ ನಿಜವಾದ ಆದಾಯ? ಮನೆಯನ್ನು ಮನೆಯಾಗಿ ಉಳಿಸುವುದಕ್ಕೆ ಹೋದ ಖರ್ಚು ಎಷ್ಟು? ಈ ಪ್ರಶ್ನೆಗೆ ನಮ್ಮ ಕಾನೂನು ನೂರ ನಲವತ್ತು ವರ್ಷಗಳಿಂದ ಕೊಡುತ್ತ ಬಂದಿರುವ ಉತ್ತರ ಸ್ವಲ್ಪ ವಿಚಿತ್ರವಾದದ್ದು. ಖರ್ಚನ್ನು ಅದು ಲೆಕ್ಕ ಹಾಕುವುದಿಲ್ಲ, ಅಂದಾಜು ಮಾಡುತ್ತದೆ.

ಮನೆಯ ಮೇಲಿನ ಕರ ಬ್ರಿಟಿಷರು ತಂದದ್ದೇನಲ್ಲ. ಮರಾಠರ ಆಳ್ವಿಕೆಯಲ್ಲಿ ಮೊಹತರ್ಫಾ ಎಂಬ ಹೆಸರಿನಲ್ಲಿ ಅಂಗಡಿ, ಮಗ್ಗ, ಗಾಣ, ಕಸುಬುಗಳ ಜೊತೆಗೆ ಮನೆಗಳ ಮೇಲೂ ವಸೂಲಿ ಇತ್ತು. ಮುಂಬಯಿ ಪ್ರಾಂತದಲ್ಲಿ ಇಂಥ ಕರಗಳನ್ನು ಕಂಪನಿ ಸರ್ಕಾರ 1844ರಲ್ಲಿ ರದ್ದು ಮಾಡಿತು. ಆದರೆ ವಿಜಯಪುರ ಆಗ ಕಂಪನಿಯ ನೇರ ಆಡಳಿತದಲ್ಲಿ ಇರಲಿಲ್ಲ. 1818ರಲ್ಲಿ ಪೇಶ್ವೆಯ ಪತನವಾದ ಬಳಿಕ ಅದು ಸಾತಾರಾ ರಾಜನ ಪಾಲಿಗೆ ಹೋಗಿ, 1848ರಲ್ಲಿ ಆ ಸಂಸ್ಥಾನ ವಿಲೀನವಾದಾಗಲೇ ಬ್ರಿಟಿಷರ ಕೈಗೆ ಬಂದದ್ದು. ಹಳೆಯ ಕರದಲ್ಲಿ ಮನೆಯ ಮಾಲೀಕನಿಗೆ ಖರ್ಚು ಕಳೆಯುವ ಮಾತೇ ಇರಲಿಲ್ಲ. ಮನೆ ಇದೆಯೋ, ಕರ ಕೊಡು, ಅಷ್ಟೇ.

ಖರ್ಚು ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ ಎಂಬ ವಿಚಾರ ಬಂದದ್ದು ಆದಾಯ ತೆರಿಗೆಯೊಂದಿಗೆ. 1857ರ ದಂಗೆಯಿಂದ ಬರಿದಾದ ಬೊಕ್ಕಸವನ್ನು ತುಂಬಲು ಜೇಮ್ಸ್ ವಿಲ್ಸನ್ 1860ರ ಜುಲೈಯಲ್ಲಿ ಭಾರತಕ್ಕೆ ಮೊದಲ ಆದಾಯ ತೆರಿಗೆ ತಂದರು. ಕೆಲವೇ ದಿನಗಳಲ್ಲಿ ಅವರು ಕಲ್ಕತ್ತೆಯಲ್ಲಿ ತೀರಿಕೊಂಡರು; ತೆರಿಗೆ 1865ರಲ್ಲಿ ನಿಂತಿತು. ಮುಂದಿನ ಇಪ್ಪತ್ತು ವರ್ಷ ಲೈಸೆನ್ಸ್ ತೆರಿಗೆ, ಸರ್ಟಿಫಿಕೇಟ್ ತೆರಿಗೆ, ಮತ್ತೆ ಆದಾಯ ತೆರಿಗೆ ಎಂದು ಪ್ರಯೋಗಗಳೇ ನಡೆದವು. ನೆಲೆ ನಿಂತದ್ದು 1886ರ ಕಾಯ್ದೆ.

ಆ ಹೊತ್ತಿಗೆ ವಿಜಯಪುರದಲ್ಲಿ ದೊಡ್ಡದೊಂದು ಬದಲಾವಣೆ ಆಗಿತ್ತು. 1876–78ರ ಬರಗಾಲ ಈ ಭಾಗವನ್ನು ಹಿಂಡಿ ಹಾಕಿತ್ತು. 1884ರಲ್ಲಿ ರೈಲು ಬಂತು. 1885ರಲ್ಲಿ ಜಿಲ್ಲೆಯ ಮುಖ್ಯ ಠಾಣೆ ಕಲಾದಗಿಯಿಂದ ವಿಜಯಪುರಕ್ಕೆ ಬಂತು. ಆದಿಲ್‌ಶಾಹಿ ಕಾಲದ ರಾಜಧಾನಿ ಎರಡು ಶತಮಾನ ಪಾಳು ಬಿದ್ದಿದ್ದ ಊರು. ಕಲೆಕ್ಟರ್ ಕಚೇರಿ, ಕೋರ್ಟು, ಪೋಸ್ಟು ಎಲ್ಲಕ್ಕೂ ಒಮ್ಮೆಲೇ ಜಾಗ ಬೇಕಾಯಿತು. ಸರ್ಕಾರ ತನಗೆ ಸುಲಭವಾದ ದಾರಿ ಹಿಡಿಯಿತು. ಚೀನಿ ಮಹಲು ಕಚೇರಿಯಾಯಿತು, ಬುಖಾರಾ ಮಸೀದಿ ಪೋಸ್ಟ್ ಆಫೀಸಾಯಿತು, ಜೋಡು ಗುಮ್ಮಟದಲ್ಲಿ ಎಕ್ಸಿಕ್ಯೂಟಿವ್ ಎಂಜಿನಿಯರ್ ಸಾಹೇಬರ ವಾಸ. ಗೋರಿಯ ಕೆಳಗೆ ಸಂಸಾರ ಹೂಡಿದ ಎಂಜಿನಿಯರನಿಗೆ ಬಾಡಿಗೆಯ ಚಿಂತೆ ಇದ್ದಿರಲಾರದು. ಪ್ರಾರ್ಥನಾ ಸ್ಥಳಗಳಲ್ಲಿ ಹೀಗೆ ಕಚೇರಿ ನಡೆಸುವುದು ತಪ್ಪೆಂದು ಲಾರ್ಡ್ ಕರ್ಜನ್ ಗದರಿ ತೆರವು ಮಾಡಿಸಿದ್ದು ಮುಂದೆ.

ಸಾಹೇಬರಿಗೆ ಮಹಲುಗಳಿದ್ದವು, ಆದರೆ ಕಾರಕೂನರಿಗೆ, ವಕೀಲರಿಗೆ, ರೈಲ್ವೆಯ ನೌಕರರಿಗೆ, ಶಾಲಾ ಮಾಸ್ತರರಿಗೆ ಮನೆ ಬೇಕಲ್ಲ? ಜಿಲ್ಲೆಯ ಠಾಣೆ ಬಂದ ಊರಿನಲ್ಲಿ ತಿಂಗಳ ಸಂಬಳದವರು ಬರುತ್ತಾರೆ, ತಿಂಗಳ ಸಂಬಳದವರು ಬಂದಲ್ಲಿ ತಿಂಗಳ ಬಾಡಿಗೆ ಹುಟ್ಟುತ್ತದೆ. ಠಾಣೆ ಬಂದ ಮರುವರ್ಷವೇ ಆದಾಯ ತೆರಿಗೆಯೂ ಬಂದದ್ದು ಕಾಕತಾಳೀಯ. ಆದರೂ ಊರಿನ ಬಾಡಿಗೆಯ ಚರಿತ್ರೆಯೂ ತೆರಿಗೆಯ ಚರಿತ್ರೆಯೂ ಒಟ್ಟಿಗೇ ಆರಂಭವಾದವು ಎಂದು ಹೇಳಲು ಅಡ್ಡಿಯಿಲ್ಲ.

1886ರ ಕಾಯ್ದೆಯಲ್ಲಿ ಎರಡು ಸಣ್ಣ ವಾಕ್ಯಗಳಿದ್ದವು. ಇಂದಿನವರೆಗೂ ಅವುಗಳ ನೆರಳು ಬಿದ್ದಿದೆ. ಮೊದಲನೆಯದು, ಸ್ವಂತ ಮನೆಯಲ್ಲಿ ವಾಸಿಸುವವನಿಗೂ ಆ ಮನೆ ಒಂದು ಆದಾಯದ ಮೂಲ. ಅದನ್ನು ಬಾಡಿಗೆಗೆ ಕೊಟ್ಟಿದ್ದರೆ ಬರಬಹುದಾಗಿದ್ದ ವರ್ಷದ ಬಾಡಿಗೆಯ ಆರರಲ್ಲಿ ಐದು ಪಾಲನ್ನು ಆದಾಯವೆಂದು ಹಿಡಿಯಬೇಕು. ಉಳಿದ ಆರನೆಯ ಒಂದು ಪಾಲು ಮನೆಯ ಖರ್ಚಿಗೆಂದು ಬಿಟ್ಟದ್ದು. ಎರಡನೆಯದು, ಬೇಸಾಯದ ಆದಾಯಕ್ಕೆ ತೆರಿಗೆಯಿಲ್ಲ. ಹೊಲದಲ್ಲಿ ಅಥವಾ ಹೊಲಕ್ಕೆ ತೀರ ಹತ್ತಿರದಲ್ಲಿ ರೈತನಿಗೆ ವಾಸಕ್ಕೋ ಕಾಳು ತುಂಬಲಿಕ್ಕೋ ಬೇಕಾದ ಕಟ್ಟಡಕ್ಕೂ ಇಲ್ಲ.

ಆರನೆಯ ಒಂದು ಪಾಲೇ ಏಕೆ? ಐದನೆಯದು ಏಕಲ್ಲ, ಎಂಟನೆಯದು ಏಕಲ್ಲ? ಕಾಯ್ದೆ ಕಾರಣ ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಮನೆಗಳ ದುರಸ್ತಿಗೆ ಆರನೆಯ ಒಂದು, ಜಮೀನಿಗೆ ಎಂಟನೆಯ ಒಂದು ಭಾಗ ಬಿಡುವ ಕ್ರಮ ಬಂದದ್ದು 1894ರಲ್ಲಿ, ಅಂದರೆ ಎಂಟು ವರ್ಷ ತಡವಾಗಿ. ತೆರಿಗೆ ಶಾಸ್ತ್ರದಲ್ಲಿ ನಾವು ಇಂಗ್ಲೆಂಡನ್ನು ಅನುಸರಿಸಿದೆವು ಎನ್ನುವುದು ವಾಡಿಕೆಯ ಮಾತು. ಈ ಒಂದು ಸಂಗತಿಯಲ್ಲಿ ತಾರೀಖು ತಿರುಗುಮುರುಗಾಗಿದೆ. ಕಾಗದದ ಕೆಲಸ ಕಡಿಮೆ ಎಂಬುದು ಇಂಥ ಅಂದಾಜಿನ ದೊಡ್ಡ ಆಕರ್ಷಣೆ. ಮಾಳಿಗೆಗೆ ಎಷ್ಟು ಚಕ್ಕಡಿ ಮಣ್ಣು ಹೊಡೆಸಿದೆ, ಗಾರೆಯವನಿಗೆ ಎಷ್ಟು ಕೂಲಿ ಕೊಟ್ಟೆ ಎಂದು ಮಾಮಲೇದಾರನ ಮುಂದೆ ಚೀಟಿ ಹಿಡಿದು ನಿಲ್ಲುವ ಕಷ್ಟ ಯಾರಿಗೂ ಇಲ್ಲ. ಚೀಟಿಯೇ ಇಲ್ಲದ ಕಾಲದಲ್ಲಿ ಇದು ಬುದ್ಧಿವಂತಿಕೆಯ ಏರ್ಪಾಡೇ.

ಆಗ ಇದು ಎಷ್ಟು ಜನರನ್ನು ಮುಟ್ಟುತ್ತಿತ್ತು ಎಂದರೆ, ಬಹಳ ಕಡಿಮೆ. ವರ್ಷಕ್ಕೆ 500 ರೂಪಾಯಿಗಿಂತ ಕಡಿಮೆ ಆದಾಯದವರಿಗೆ ತೆರಿಗೆ ಇರಲಿಲ್ಲ. ಈ ಮಿತಿ 1903ರಲ್ಲಿ 1,000ಕ್ಕೂ 1919ರಲ್ಲಿ 2,000ಕ್ಕೂ ಏರಿತು. ಬರೀ ಬಾಡಿಗೆಯಿಂದ ಇಷ್ಟು ಆದಾಯ ಬರಬೇಕಾದರೆ ಆ ಕಾಲದ ವಿಜಯಪುರದಲ್ಲಿ ಒಬ್ಬನಿಗೆ ಒಂದು ಓಣಿಯೇ ಇರಬೇಕಾಗಿತ್ತು. ತೆರಿಗೆ ಕೊಡುತ್ತಿದ್ದವರು ಅರಳೆ, ಕಾಳಿನ ಅಡತಿ ವ್ಯಾಪಾರಿಗಳು, ಸಾವಕಾರರು, ಅಧಿಕಾರಿಗಳು. ಮನೆ ಬಾಡಿಗೆ ಅವರ ಲೆಕ್ಕದಲ್ಲಿ ಒಂದು ಸಣ್ಣ ಕಲಮು ಮಾತ್ರ.

1918ರ ಕಾಯ್ದೆ ಮನೆ ಆಸ್ತಿಯ ಆದಾಯಕ್ಕೆ ಪ್ರತ್ಯೇಕ ತಲೆಬರಹ ಕೊಟ್ಟಿತು. 1922ರ ಕಾಯ್ದೆಯ ಒಂಬತ್ತನೆಯ ಕಲಮು ಅದನ್ನು ವಿಸ್ತರಿಸಿತು. ಮಾಲೀಕನ ಕಡೆಯಿಂದ ನೋಡಿದರೆ ಇದು ಉದಾರವಾದ ಪಟ್ಟಿ. ದುರಸ್ತಿಗೆ ಆರನೆಯ ಒಂದು ಪಾಲು, ಮನೆಯ ವಿಮೆಯ ಕಂತು, ಮನೆ ಅಡವಿಟ್ಟಿದ್ದರೆ ಅದರ ಬಡ್ಡಿ, ಜಾಗ ಬೇರೆಯವರದಾದರೆ ನೆಲಬಾಡಿಗೆ, ಸರ್ಕಾರಿ ಭೂಕಂದಾಯ, ಬಾಡಿಗೆ ವಸೂಲಿಗೆ ಗುಮಾಸ್ತನನ್ನು ಇಟ್ಟಿದ್ದರೆ ಆ ಖರ್ಚು, ಶೇಕಡಾ 6ರ ಮಿತಿಯೊಳಗೆ, ಮನೆ ಖಾಲಿ ಬಿದ್ದ ತಿಂಗಳುಗಳಿಗೆ ತಕ್ಕ ವಜಾ. ದುರಸ್ತಿ ಬಾಡಿಗೆದಾರನದೇ ಎಂದು ಕರಾರಾಗಿದ್ದರೆ ಮಾಲೀಕನಿಗೆ ಆರನೆಯ ಒಂದು ಪೂರ್ತಿ ಸಿಗದು. ಆ ಕರಾರಿನಿಂದ ಬಾಡಿಗೆ ಎಷ್ಟು ಇಳಿದಿದೆಯೋ ಅಷ್ಟೇ. ಬೇಸಿಗೆಯ ಆ ಜಗ್ಗಾಟ ಕಾನೂನಿನ ಪುಸ್ತಕಕ್ಕೂ ಬಂದಿತ್ತು ಎನ್ನಬಹುದು.

ಈ ಏರ್ಪಾಡು ಕೆಟ್ಟದ್ದು ಬಾಡಿಗೆ ನಿಯಂತ್ರಣದಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪಟ್ಟಣಗಳಲ್ಲಿ ಮನೆ ಸಿಗದೆ ಬಾಡಿಗೆಗಳು ಏರತೊಡಗಿದಾಗ ಸರ್ಕಾರಗಳು ಮಧ್ಯೆ ಪ್ರವೇಶಿಸಿದವು. ಮುಂಬಯಿ ಪ್ರಾಂತದ 1947ರ ಬಾಡಿಗೆ ನಿಯಂತ್ರಣ ಕಾಯ್ದೆ 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನು ಪ್ರಮಾಣ ಬಾಡಿಗೆ ಎಂದು ಕಟ್ಟಿಹಾಕಿತು. ರಾಜ್ಯ ಪುನರ್ವಿಂಗಡಣೆಯ ನಂತರ ಮೈಸೂರು ಬಾಡಿಗೆ ನಿಯಂತ್ರಣ ಕಾಯ್ದೆ, 1961 ಬಂತು. ಬಾಡಿಗೆದಾರರ ಪಾಲಿಗೆ ಇದು ದೊಡ್ಡ ರಕ್ಷಣೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಿಂಗಳಿಗೆ 12 ರೂಪಾಯಿಗೆ ನಿಂತುಬಿಟ್ಟ ಬಾಡಿಗೆಯ ಆರನೆಯ ಒಂದು ಪಾಲೆಂದರೆ 2 ರೂಪಾಯಿ. ಸುಣ್ಣ, ಕೂಲಿ, ತೊಲೆಯ ಬೆಲೆ ಮಾತ್ರ ನಿಲ್ಲಲಿಲ್ಲ. ದುರಸ್ತಿ ಮಾಡಿಸಿದರೆ ಕೈಯಿಂದ ಹೋಗುತ್ತದೆ, ಮಾಡಿಸದಿದ್ದರೂ ತೆರಿಗೆಯಲ್ಲಿ ಆರನೆಯ ಒಂದು ಸಿಕ್ಕೇ ಸಿಗುತ್ತದೆ. ಹೀಗಿರುವಾಗ ಮಾಲೀಕ ಏನು ಮಾಡುತ್ತಾನೆ? ಮಾಳಿಗೆಗೆ ಮಣ್ಣು ಹಾಕಿಸುವುದನ್ನು ಬಿಡುತ್ತಾನೆ. ಗೋಡೆ ಬಿದ್ದರೆ ಬಾಡಿಗೆದಾರ ತಾನಾಗಿ ಹೋಗುತ್ತಾನೆ ಎಂಬ ಲೆಕ್ಕವೂ ಕೆಲವರಿಗೆ ಇರುತ್ತದೆ. ಕರ್ನಾಟಕದ ಎಷ್ಟೋ ಊರುಗಳ ಹಳೆಯ ಪೇಟೆಗಳಲ್ಲಿ ಒಂದು ತಲೆಮಾರಿನ ಮನೆಗಳು ಹೀಗೆ ಕುಸಿದಿವೆ. ಮಳೆಯೊಂದನ್ನೇ ದೂರಿ ಪ್ರಯೋಜನವಿಲ್ಲ.

ಸುಪ್ರೀಂ ಕೋರ್ಟು 1979ರಲ್ಲಿ ದಿವಾನ್ ದೌಲತ್ ರಾಯ್ ಕಪೂರ್ ಪ್ರಕರಣದಲ್ಲಿ, ಪುರಸಭೆಗಳು ಮನೆಯ ವಾರ್ಷಿಕ ಮೌಲ್ಯ ಕಟ್ಟುವಾಗ ಪ್ರಮಾಣ ಬಾಡಿಗೆಯನ್ನು ಮೀರುವಂತಿಲ್ಲ ಎಂದಿತು. 1981ರಲ್ಲಿ ಶೀಲಾ ಕೌಶಿಶ್ ಪ್ರಕರಣದಲ್ಲಿ ಇದೇ ತತ್ವ ಆದಾಯ ತೆರಿಗೆಗೂ ಅನ್ವಯವಾಯಿತು. ತೆರಿಗೆ ಕಡಿಮೆಯಾಯಿತು ನಿಜ, ಆದರೆ ಮಾಳಿಗೆಗೆ ಮಣ್ಣು ಬೀಳಲಿಲ್ಲ. ಈಗಿನ ಕರ್ನಾಟಕ ಬಾಡಿಗೆ ಕಾಯ್ದೆ 1999ರದು, ಜಾರಿಗೆ ಬಂದದ್ದು 2001ರ ಕೊನೆಯ ದಿನ.

1961ರ ಆದಾಯ ತೆರಿಗೆ ಕಾಯ್ದೆ ಹಳೆಯ ಪಟ್ಟಿಯನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡಿತು. ಸ್ವಂತ ವಾಸದ ಮನೆಗೆ ಇಲ್ಲದ ಬಾಡಿಗೆಯನ್ನು ಇದೆಯೆಂದು ಹಿಡಿದು ತೆರಿಗೆ ಹಾಕುವ ಪದ್ಧತಿ ಮಾತ್ರ 1986ರ ತಿದ್ದುಪಡಿಯಿಂದ ಹೋಯಿತು. ಅದರ ವಾರ್ಷಿಕ ಮೌಲ್ಯ ಸೊನ್ನೆ ಎಂದಾಯಿತು. ನೂರು ವರ್ಷ ಬೇಕಾಯಿತು ಅದಕ್ಕೆ. 1990ರ ದಶಕದಲ್ಲಿ ಆರನೆಯ ಒಂದು ಪಾಲು ಐದನೆಯ ಒಂದಾಗಿ, ಬಳಿಕ ನಾಲ್ಕನೆಯ ಒಂದಾಯಿತು. ವಸೂಲಿ ಖರ್ಚೂ ಅದರಲ್ಲೇ ಸೇರಿಕೊಂಡಿತು. 2001ರ ಬಜೆಟ್ಟಿನಲ್ಲಿ ಯಶವಂತ ಸಿನ್ಹಾ ಇಡೀ ಪಟ್ಟಿಯನ್ನೇ ಒರೆಸಿಹಾಕಿದರು. ವಿಮೆ, ನೆಲಬಾಡಿಗೆ, ಕಂದಾಯ, ವಸೂಲಿ ಎಲ್ಲಕ್ಕೂ ಬದಲಾಗಿ ಶೇಕಡಾ 30ರ ಒಂದೇ ಕಡಿತ. ಅದರ ಹೊರಗೆ ಉಳಿದದ್ದು ಸಾಲದ ಬಡ್ಡಿ ಒಂದೇ.

ಈಗ ಲೆಕ್ಕ ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ಉದಾಹರಣೆ ನೋಡಬಹುದು. ವಿಜಯಪುರದಲ್ಲಿ ಒಬ್ಬರು ಒಂದು ಮನೆಯನ್ನು ತಿಂಗಳಿಗೆ 10,000 ರೂಪಾಯಿಯಂತೆ ಬಾಡಿಗೆಗೆ ಕೊಟ್ಟಿದ್ದಾರೆ ಎನ್ನೋಣ. ವರ್ಷಕ್ಕೆ 1,20,000. ಮಹಾನಗರ ಪಾಲಿಕೆಗೆ 8,000 ರೂಪಾಯಿ ಆಸ್ತಿ ತೆರಿಗೆ ಕಟ್ಟಿದ್ದಾರೆ, ಉಳಿದದ್ದು 1,12,000. ಇದರ ಶೇಕಡಾ 30, ಅಂದರೆ 33,600 ತೆಗೆದರೆ 78,400. ಮನೆ ಕಟ್ಟಲು ಮಾಡಿದ ಸಾಲಕ್ಕೆ ಆ ವರ್ಷ 50,000 ಬಡ್ಡಿ ಇದ್ದರೆ ಕೊನೆಗೆ ಆದಾಯವೆಂದು ನಿಲ್ಲುವುದು 28,400 ಮಾತ್ರ.

ಇಲ್ಲಿ ಎಡವುವವರು ಬಹಳ. ಆಸ್ತಿ ತೆರಿಗೆ ಕಳೆಯಬೇಕಾದರೆ ಅದನ್ನು ಮಾಲೀಕನೇ ಕಟ್ಟಿರಬೇಕು, ಆ ವರ್ಷದಲ್ಲೇ ಕಟ್ಟಿರಬೇಕು. ಬಾಕಿ ಇಟ್ಟದ್ದಕ್ಕೆ ವಜಾ ಇಲ್ಲ. ಮೂರು ವರ್ಷದ ಬಾಕಿಯನ್ನು ಒಂದೇ ವರ್ಷ ತೀರಿಸಿದರೆ ಅಷ್ಟನ್ನೂ ಆ ವರ್ಷ ಕಳೆಯಬಹುದು. ಕರಾರಿನ ಪ್ರಕಾರ ಬಾಡಿಗೆದಾರನೇ ಕಟ್ಟಿದ್ದರೆ ಮಾಲೀಕನಿಗೆ ಏನೂ ಇಲ್ಲ. ಸಾಲದಲ್ಲಿ ಬಡ್ಡಿಯಷ್ಟೇ ಲೆಕ್ಕಕ್ಕೆ ಬರುತ್ತದೆ, ಅಸಲಿನ ಕಂತು ಬರುವುದಿಲ್ಲ. ಕಟ್ಟಡ ಮುಗಿಯುವ ವರ್ಷಕ್ಕೆ ಮೊದಲು ತೆತ್ತ ಬಡ್ಡಿಯನ್ನು ಐದು ಸಮ ಕಂತುಗಳಲ್ಲಿ ಕಳೆಯಬೇಕು. ದಲ್ಲಾಳಿಗೆ ಕೊಟ್ಟದ್ದು, ಕಾವಲುಗಾರನ ಪಗಾರ, ಬೋರ್‌ವೆಲ್ ಮೋಟರು ಸುಟ್ಟು ರಿಪೇರಿ ಮಾಡಿಸಿದ್ದು, ಬಾಡಿಗೆದಾರನನ್ನು ಬಿಡಿಸಲು ವಕೀಲರಿಗೆ ಕೊಟ್ಟದ್ದು, ಇವು ಯಾವುವೂ ಬೇರೆಯಾಗಿ ಕಳೆಯುವಂತಿಲ್ಲ. ಎಲ್ಲವೂ ಆ 30ರೊಳಗೇ ಮುಗಿದುಹೋದಂತೆ. ಮನೆ ಹೊಸದಿದ್ದು ಐದು ವರ್ಷ ಒಂದು ಪೈಸೆ ಖರ್ಚಾಗದಿದ್ದರೂ 30 ಸಿಗುತ್ತದೆ. ಮನೆ ಹಳೆಯದಿದ್ದು ಎರಡು ವರ್ಷದ ಬಾಡಿಗೆ ಪೂರ್ತಿ ಮಾಳಿಗೆಗೇ ಹೋದರೂ 30ಕ್ಕಿಂತ ಹೆಚ್ಚು ಸಿಗುವುದಿಲ್ಲ. ಹಳೆಯ ಮನೆಯ ದುರಸ್ತಿಯ ಭಾರ ಹೊತ್ತವನಿಗಿಂತ ಹೊಸ ಮನೆಯವನಿಗೇ ಈ ಅಂದಾಜು ಲಾಭದ್ದು.

ಬಾಡಿಗೆದಾರ ಬಾಡಿಗೆ ಮುಳುಗಿಸಿ ಹೋದರೆ? ಆ ಮೊತ್ತವನ್ನು ಬಿಡಲು ಅವಕಾಶವಿದೆ, ಷರತ್ತುಗಳ ಮೇಲೆ. ಆತ ಮನೆ ಬಿಟ್ಟಿರಬೇಕು ಅಥವಾ ಬಿಡಿಸುವ ಕ್ರಮ ನಡೆದಿರಬೇಕು. ಅದೇ ಮಾಲೀಕನ ಬೇರೆ ಆಸ್ತಿಯಲ್ಲಿ ಇರಬಾರದು. ವಸೂಲಿಗೆ ಕಾನೂನಿನ ಕ್ರಮ ಕೈಗೊಂಡಿರಬೇಕು, ಇಲ್ಲವೇ ಅದರಿಂದ ಉಪಯೋಗವಿಲ್ಲವೆಂದು ತೋರಿಸಬೇಕು. ಹೋಗಲಿ ಬಿಡು ಎಂದು ಸುಮ್ಮನಾಗುವ ಒಳ್ಳೆಯತನಕ್ಕೆ ಕಾನೂನಿನಲ್ಲಿ ಜಾಗವಿಲ್ಲ.

ಬಡ್ಡಿಯ ವಿಷಯದಲ್ಲಿ ಇನ್ನೂ ಒಂದು ತಿರುವು. ಬಾಡಿಗೆಗೆ ಕೊಟ್ಟ ಮನೆಯ ಬಡ್ಡಿಗೆ ಮಿತಿಯಿಲ್ಲ. ಆದರೆ ಅದರಿಂದ ಹುಟ್ಟುವ ನಷ್ಟವನ್ನು ಸಂಬಳ ಮೊದಲಾದ ಬೇರೆ ಆದಾಯದಲ್ಲಿ ಕಳೆಯಲು 2017ರ ತಿದ್ದುಪಡಿ ವರ್ಷಕ್ಕೆ 2 ಲಕ್ಷದ ಮಿತಿ ಹಾಕಿತು. ಉಳಿದದ್ದನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ಹೊಸ ತೆರಿಗೆ ಪದ್ಧತಿಯನ್ನು ಹಿಡಿದವರಿಗೆ ಆ ಸೌಲಭ್ಯವೂ ಇಲ್ಲ: ಮನೆಯ ನಷ್ಟ ಮನೆಯಲ್ಲೇ ಉಳಿಯಬೇಕು.

ಟಿಕೋಟಾ ಮತ್ತು ಬಬಲೇಶ್ವರದ ಕಡೆ ಹೊರಳಿದರೆ 1886ರ ಎರಡನೆಯ ವಾಕ್ಯ ಎದುರಾಗುತ್ತದೆ. ಅಥಣಿ ರಸ್ತೆಯ ಟಿಕೋಟಾ ದ್ರಾಕ್ಷಿ, ಮಣೂಕದ ನಾಡು. ಮಣೂಕ ಒಣಗಿಸುವ ಶೆಡ್ಡುಗಳು, ಸರಕು ತುಂಬುವ ಗೋದಾಮುಗಳು, ಶೈತ್ಯಾಗಾರಗಳು ಇಲ್ಲಿಯ ಬದುಕಿನ ಭಾಗ. ರೈತ ತನ್ನ ತೋಟದಲ್ಲೇ ತನ್ನ ಬೆಳೆಗಾಗಿ ಕಟ್ಟಿಕೊಂಡ ಶೆಡ್ಡಿಗೆ ತೆರಿಗೆಯ ಹಂಗಿಲ್ಲ. ಅದು ಬೇಸಾಯದ ಅಂಗ. ಅದೇ ಶೆಡ್ಡನ್ನು ವ್ಯಾಪಾರಿಗೆ ಬಾಡಿಗೆಗೆ ಕೊಟ್ಟರೆ ಚಿತ್ರ ಬದಲಾಗುತ್ತದೆ. ಇಂಥ ಕಟ್ಟಡವನ್ನು ಬೇಸಾಯವಲ್ಲದ ಕೆಲಸಕ್ಕೆ, ವಾಸಕ್ಕೆ ಅಥವಾ ವ್ಯಾಪಾರಕ್ಕೆ ಬಾಡಿಗೆಗೆ ಕೊಟ್ಟಾಗ ಬರುವ ಹಣ ಬೇಸಾಯದ ಆದಾಯವಲ್ಲ ಎಂದು 2000ದ ತಿದ್ದುಪಡಿ ಖಚಿತಪಡಿಸಿತು. ತೋಟದಲ್ಲಿದೆ ಎಂಬ ಒಂದೇ ಕಾರಣಕ್ಕೆ ಕಟ್ಟಡಕ್ಕೆ ವಿನಾಯಿತಿ ಬರುವುದಿಲ್ಲ.

ಖಾಲಿ ಜಾಗದ ಬಾಡಿಗೆ ಮತ್ತೊಂದು ಬಗೆ. ಕಟ್ಟಡವಿಲ್ಲದ ಬಯಲನ್ನು ಲಾರಿ ನಿಲ್ಲಿಸಲು ಕೊಟ್ಟರೆ ಅದು ಮನೆ ಆಸ್ತಿಯ ಆದಾಯವಲ್ಲ, ಆದ್ದರಿಂದ 30ರ ಕಡಿತವಿಲ್ಲ. ಆ ಆದಾಯ ಗಳಿಸಲು ನಿಜವಾಗಿ ಆದ ಖರ್ಚನ್ನು ತೋರಿಸಬೇಕು. ಶೈತ್ಯಾಗಾರದವರು ಬಂದವರ ಸರಕಿಗೆ ತಂಪು ಕೊಟ್ಟು ಇಷ್ಟು ದಿನಕ್ಕೆ ಇಷ್ಟು ಎಂದು ವಸೂಲಿ ಮಾಡಿದರೆ ಸಾಮಾನ್ಯವಾಗಿ ಅದು ವ್ಯಾಪಾರ. ವಿದ್ಯುತ್ ಬಿಲ್ಲು, ರಿಪೇರಿ, ಯಂತ್ರದ ಸವಕಳಿ ಎಲ್ಲವನ್ನೂ ಕಳೆಯಬಹುದು. ಯಂತ್ರ, ಪೀಠೋಪಕರಣದೊಂದಿಗೆ ಬೇರ್ಪಡಿಸಲಾಗದಂತೆ ಕಟ್ಟಡವನ್ನೇ ಬಾಡಿಗೆಗೆ ಕೊಟ್ಟರೆ ಮೂರನೆಯ ಬಗೆ. ಮುಂಬಯಿಯ ಒಂದು ಹೋಟೆಲ್ ಕಟ್ಟಡದ ಬಗ್ಗೆ ಸುಪ್ರೀಂ ಕೋರ್ಟು ಸುಲ್ತಾನ್ ಬ್ರದರ್ಸ್ ಪ್ರಕರಣದಲ್ಲಿ ಇದನ್ನು ವಿಂಗಡಿಸಿ ಹೇಳಿತು; ಕಲ್ಯಾಣ ಮಂಟಪ, ಗೋದಾಮುಗಳ ಜಗಳ ಬಂದಾಗ ಈ ಹೆಸರು ಇಂದಿಗೂ ಕೇಳಿಬರುತ್ತದೆ. ವಾಸದ ಮನೆಯ ಬಾಡಿಗೆಯನ್ನು ವ್ಯಾಪಾರವೆಂದು ತೋರಿಸಿ ಹೆಚ್ಚು ಖರ್ಚು ಕಳೆಯುವ ದಾರಿಯನ್ನು ಮಾತ್ರ 2024ರ ತಿದ್ದುಪಡಿ ಮುಚ್ಚಿತು.

ಟಿಕೋಟಾ, ಬಬಲೇಶ್ವರ ಎರಡೂ ಮೊದಲು ವಿಜಯಪುರ ತಾಲ್ಲೂಕಿನಲ್ಲೇ ಇದ್ದವು. 2018ರಲ್ಲಿ ರಾಜ್ಯದ ಹೊಸ ತಾಲ್ಲೂಕುಗಳ ಜೊತೆ ಇವೂ ತಾಲ್ಲೂಕು ಕೇಂದ್ರಗಳಾದವು. 1885ರಲ್ಲಿ ವಿಜಯಪುರಕ್ಕೆ ಬಂದದ್ದು ಸಣ್ಣ ಪ್ರಮಾಣದಲ್ಲಿ ಈಗ ಇಲ್ಲಿಗೆ ಬಂದಿದೆ. ಕಚೇರಿ ಬಂದರೆ ನೌಕರರು, ನೌಕರರು ಬಂದರೆ ಬಾಡಿಗೆ ಮನೆ. ರಸ್ತೆಯ ಮೇಲೆ ಎರಡು ಮಳಿಗೆ, ಅದರ ಮೇಲೆ ಒಂದು ಮನೆ ಕಟ್ಟಿ ಬಾಡಿಗೆಗೆ ಕೊಡುವ ರೈತ ಮೊದಲ ಬಾರಿಗೆ ಆದಾಯ ತೆರಿಗೆಯ ಎದುರು ನಿಲ್ಲುವುದು ಹೀಗೆ. ದ್ರಾಕ್ಷಿಗೆ ತೆರಿಗೆ ಕಟ್ಟಿ ಗೊತ್ತಿಲ್ಲದವನಿಗೆ ಮಳಿಗೆಯ ಬಾಡಿಗೆ ಬೇರೆ ಜಾತಿಯ ಹಣ ಎಂದು ಒಪ್ಪಿಸುವುದು ಲೆಕ್ಕ ಬರೆಯುವವರಿಗೆ ಅಷ್ಟು ಸುಲಭವಲ್ಲ.

ವಿಜಯಪುರ ನಗರದ್ದು ಬೇರೆಯದೇ ತೊಡಕು. ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು ಊರ ನಡುವೆಯೇ ಇವೆ. ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು 1992ರ ಅಧಿಸೂಚನೆ ಗುರುತಿಸಿತು. 2010ರ ತಿದ್ದುಪಡಿ ಅದನ್ನು ಬಿಗಿ ಮಾಡಿತು. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಇರುವ ಮನೆಯ ದುರಸ್ತಿಗೂ ಅನುಮತಿ ಬೇಕು. ಸ್ಮಾರಕಗಳ ಉಳಿವಿಗೆ ಇದು ಅಗತ್ಯ. ಆದರೆ ಅಂಥ ಕಡೆ ನಾಲ್ಕು ಕೋಣೆಯ ಹಳೆಯ ಮನೆಯನ್ನು ಬಾಡಿಗೆಗೆ ಕೊಟ್ಟವರಿಗೆ ಕೆಡವಿ ಕಟ್ಟುವ ದಾರಿಯಿಲ್ಲ, ಉಳಿಸಿಕೊಳ್ಳುವುದೊಂದೇ ದಾರಿ. ಉಳಿಸಿಕೊಳ್ಳುವ ಖರ್ಚಿಗೆ ತೆರಿಗೆ ಕಾಯ್ದೆ ಕೊಡುವುದು ಎಲ್ಲರಿಗೂ ಕೊಡುವ ಅದೇ 30. ಒಂದು ಕಾನೂನು ಮನೆಯನ್ನು ಹಳೆಯದಾಗಿಯೇ ಇರಿಸುತ್ತದೆ. ಇನ್ನೊಂದು ಕಾನೂನಿಗೆ ಮನೆಯ ವಯಸ್ಸೇ ಕಾಣುವುದಿಲ್ಲ.

ಒಂದು ಕಿಂಡಿ ಮಾತ್ರ ಇದೆ. ಮನೆ ಕೊಳ್ಳಲು ಅಥವಾ ಕಟ್ಟಲು ಮಾಡಿದ ಸಾಲವಷ್ಟೇ ಅಲ್ಲ, ದುರಸ್ತಿಗೆ, ಪುನರ್ನಿರ್ಮಾಣಕ್ಕೆ ಮಾಡಿದ ಸಾಲದ ಬಡ್ಡಿಯನ್ನೂ ಕಳೆಯಬಹುದು. ಕೈಯಲ್ಲಿದ್ದ ಉಳಿತಾಯದಿಂದ ಮಾಳಿಗೆ ಸರಿಮಾಡಿಸಿದವರಿಗೆ 30ರ ಮೇಲೆ ಏನೂ ಇಲ್ಲ. ಬ್ಯಾಂಕಿನಲ್ಲಿ ಸಾಲ ತೆಗೆದು ಸರಿಮಾಡಿಸಿದವರಿಗೆ ಬಡ್ಡಿಯ ಕಡಿತ ಉಂಟು. ಸಾಲ ಮಾಡದೆ ಮನೆ ಉಳಿಸಿಕೊಂಡೆ ಎಂಬುದು ನಮ್ಮ ಹಿರಿಯರಿಗೆ ಹೆಮ್ಮೆಯ ಮಾತಾಗಿತ್ತು.

ಅರವತ್ತು ವರ್ಷಕ್ಕೂ ಹೆಚ್ಚು ನಡೆದ 1961ರ ಕಾಯ್ದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಬಂದಿದೆ. ಅದು ಜಾರಿಯಾಗುವ ದಿನ 2026ರ ಏಪ್ರಿಲ್ 1. ಭಾಷೆ ಸರಳವಾಗಿದೆ, ಕಲಮುಗಳ ಸಂಖ್ಯೆ ಬದಲಾಗಿದೆ. ಮನೆ ಬಾಡಿಗೆಯ ಲೆಕ್ಕದಲ್ಲಿ, ಸ್ಥಳೀಯ ಸಂಸ್ಥೆಯ ತೆರಿಗೆ ಕಳೆದು ಉಳಿದದ್ದರಲ್ಲಿ ಶೇಕಡಾ 30, ಆಮೇಲೆ ಬಡ್ಡಿ ಎಂಬ ಕ್ರಮ ಹಾಗೆಯೇ ಇದೆ.